ಹಾಲಿನಷ್ಟು ತೆಳ್ಳಗಿನ ರಾಗಿ ಸರಿ

ಹೊಳೆದಂಡೆಯ ಮಠದ ಅಯ್ನೋರಿಗೆ ಶಿಷ್ಯರು ಬೇಕಾದಷ್ಟು ಜನ. ಆದರೆ ಪ್ರಶ್ನೆ ಕೇಳುವುದರಲ್ಲಿ ಸರ್ವಮಂಗಳೆಯನ್ನು ಮೀರಿಸಿದವರಿಲ್ಲ. ಲಂಗ ತೊಡುವ ವಯಸ್ಸಿನಿಂದ ಕೇಳುತ್ತಿದ್ದವಳು, ಮದುವೆಯಾದ ಮೇಲೂ ಆ ಚಾಳಿ ಬಿಡಲಿಲ್ಲ.

ಅಂದು ಅವಳ ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಕೂಸಿತ್ತು. ಹಿಂದೆ ಚೀಲ ಹೊತ್ತ ಗಂಡ ಷಡಕ್ಷರಿ.

"ಬುದ್ಧಿ, ಕೂಸು ಏನೂ ತಿನ್ನಲ್ಲ. ಬರೀ ಎದೆಹಾಲು ಇನ್ನು ಸಾಲದು ಅಂದ್ರು ಡಾಕ್ಟ್ರಮ್ಮ. ತೂಕ ಏರ್ತಾನೇ ಇಲ್ಲ. ಬಾಯಿಗಿಟ್ಟಿದ್ದನ್ನೆಲ್ಲ ನಾಲಿಗೇಲಿ ಆಚೆ ನೂಕುತ್ತೆ. ಯಾಕೆ ಹೀಗೆ?"

"ಏನು ಕೊಡ್ತೀಯವ್ವಾ?"

"ರಾಗಿ ಸರಿ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಪಂಚೆ ಬಟ್ಟೇಲಿ ಸೋಸಿದ ಹಿಟ್ಟು."

ಷಡಕ್ಷರಿಗೆ ತಡೆಯಲಾಗಲಿಲ್ಲ. "ಒಂದು ಸಲ ಸೋಸಿದ್ರೆ ಸಾಕಲ್ವಾ ಬುದ್ಧಿ? ಇವಳು ಸೋಸಿದ್ದನ್ನೇ ಸೋಸ್ತಾಳೆ. ಮನೇಲಿ ನನ್ನ ಪಂಚೆ ಒಂದೂ ಬೆಳ್ಳಗೆ ಉಳಿದಿಲ್ಲ."

"ನೀವು ಸುಮ್ನಿರಿ."

ಅಯ್ನೋರು ಕೈ ಚಾಚಿದರು. ಸರ್ವಮಂಗಳೆ ಡಬ್ಬಿಯಿಂದ ಗಂಜಿಯನ್ನು ಕೂಸಿಗೆ ಕುಡಿಸುವ ಒಳಲೆಗೆ ಬಗ್ಗಿಸಿ ಕೊಟ್ಟಳು. ಅವರು ಒಂದು ಬಾಳೆಲೆಯ ತುಂಡಿನ ಮೇಲೆ ನಾಲ್ಕು ಹನಿ ಸುರಿದರು. ಗಂಜಿ ಅಲ್ಲಿ ನಿಲ್ಲದೆ ಹರಿದು ನೆಲ ಸೇರಿತು.

"ಇದರಲ್ಲಿ ರಾಗಿ ಎಲ್ಲಿದೆ?"

"ಇದೆ ಬುದ್ಧಿ. ಗೊತ್ತಾಗಬಾರದು ಅಂತ ತೆಳ್ಳಗೆ ಮಾಡಿದ್ದೀನಿ. ನನ್ನ ಹಾಲನ್ನೂ ಬೆರೆಸಿದ್ದೀನಿ."

"ಏನು ಗೊತ್ತಾಗಬಾರದು?"

"ಹಾಲು ಬಿಡಿಸೋಕೆ ಶುರು ಮಾಡಿದ್ದೀವಿ ಅಂತ."

"ಕೂಸಿಗೆ ಗೊತ್ತಾಗಬಾರದೋ, ನಿನಗೋ?"

ಇಷ್ಟು ವರ್ಷ ಪ್ರಶ್ನೆ ಕೇಳಿಕೊಂಡೇ ಬಂದವಳಿಗೆ ಈಗ ಉತ್ತರ ಹೇಳುವ ಸರದಿ. ಕೂಸಿನ ಕಾಲ್ಬೆರಳು ನೀವುತ್ತ ಹೇಳಿದಳು.

"ಉಗುಳಿದಾಗ ಭಯ ಆಗುತ್ತೆ ಬುದ್ಧಿ. ಒಳಗೊಳಗೇ ಖುಷೀನೂ ಆಗುತ್ತೆ, ಇನ್ನೂ ನಾನೇ ಬೇಕಲ್ಲ ಇದಕ್ಕೆ ಅಂತ. ಇವತ್ತು ಗಂಜಿ, ನಾಳೆ ಅನ್ನ. ಆಮೇಲೆ ಯಾರು ಕೊಟ್ಟರೂ ತಿನ್ನುತ್ತೆ. ಆಗ ನಾನು ಯಾರು?"

ಷಡಕ್ಷರಿ ಹೆಂಡತಿಯ ಮುಖವನ್ನೇ ನೋಡಿದ. ಒಂದೇ ಸೂರಿನಡಿ ಇದ್ದೂ ಇದು ಅವನ ಕಿವಿಗೆ ಬಿದ್ದಿರಲಿಲ್ಲ.

"ನನ್ನದು ಉಲ್ಟಾ," ಎಂದ ಮೆಲ್ಲಗೆ. "ಒಂದು ತುತ್ತಾದರೂ ನನ್ನ ಕೈಯಿಂದ ತಿನ್ನಲಿ ಅಂತ ಹುಟ್ಟಿದಾಗಿಂದ ಕಾಯ್ತಾ ಇದ್ದೀನಿ."

ಅಯ್ನೋರು ಇಬ್ಬರಿಗೂ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಊಟದ ಹೊತ್ತಾಗಿತ್ತು, ತಟ್ಟೆ ತರಿಸಿದರು. ಹಲ್ಲೆಲ್ಲ ಉದುರಿದ್ದರಿಂದ ಅವರದು ಉಪ್ಪು ಖಾರವಿಲ್ಲದೆ ಮೆತ್ತಗೆ ಹಿಸುಕಿದ ಅನ್ನ ಬೇಳೆ. ಕೂಸಿನ ಕೈ ತೊಳೆಸಿ ತೊಡೆಯ ಮೇಲೆ ಕೂರಿಸಿಕೊಂಡರು. ಆಮೇಲೆ ಅದರ ಕಡೆ ತಿರುಗಿಯೂ ನೋಡದೆ ತಮ್ಮ ಪಾಡಿಗೆ ಉಣ್ಣತೊಡಗಿದರು.

ಕೂಸು ನೋಡಿತು. ಅದರ ಕಣ್ಣು ತಟ್ಟೆಯಿಂದ ಅವರ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡಿತು. ಇದೆಂಥದ್ದು ಅನ್ನುವ ಹಾಗೆ ಹುಬ್ಬು ಗಂಟಿಕ್ಕಿತು. ಆಮೇಲೆ ಐದೂ ಬೆರಳು ತಟ್ಟೆಗಿಳಿಸಿ, ಸಿಕ್ಕಷ್ಟನ್ನು ಬಾಯಿಗೆ ತುರುಕಿಕೊಂಡಿತು. ಅರ್ಧ ಮೂಗಿಗೆ ಮೆತ್ತಿಕೊಂಡಿತು. ಮುಖ ಕಿವುಚಿ, ನಾಲಿಗೆ ಆಡಿಸಿ, ನುಂಗಿತು. ಮತ್ತೆ ಕೈ ಹಾಕಿತು.

"ಬುದ್ಧಿ, ತಟ್ಟೆ ಎಂಜಲಾಯ್ತು," ಎಂದ ಷಡಕ್ಷರಿ.

"ನಮ್ಮಿಬ್ಬರಿಗೂ ಹಲ್ಲಿಲ್ಲಪ್ಪ. ನಡೆಯುತ್ತೆ ಬಿಡು."

ಸರ್ವಮಂಗಳೆಗೆ ನಗು ಬಂತು. ಅದರ ಬೆನ್ನಿಗೇ ಅಳು. ಕೂಸು ತಿಂದಿತಲ್ಲ ಎಂದು ಜೀವ ತಂಪಾಯಿತು, ತಾನಿಲ್ಲದೆಯೂ ತಿಂದಿತಲ್ಲ ಎಂದು ಸಂಕಟವೂ ಆಯಿತು.

"ನೋಡಿದ್ರಾ ಬುದ್ಧಿ, ನಾನು ಹೇಳಲಿಲ್ವಾ? ಇನ್ನು ನಾನ್ಯಾಕೆ ಬೇಕು ಇದಕ್ಕೆ?"

ಆ ದನಿಗೆ ಕೂಸು ತಿರುಗಿತು. ಬಾಯಿಯ ಹತ್ತಿರ ಹೋಗಿದ್ದ ಕೈ ಅಲ್ಲೇ ನಿಂತಿತು. ಅಯ್ನೋರ ತೊಡೆಯಿಂದ ಮುಂದಕ್ಕೆ ಬಗ್ಗಿ, ಜೊಲ್ಲು ಬೆರೆತ ಅನ್ನದ ಆ ಪುಟ್ಟ ಮುಷ್ಟಿಯನ್ನು ಅಮ್ಮನ ಮುಖದತ್ತ ಚಾಚಿತು.

ಸರ್ವಮಂಗಳೆ ಸೆರಗಿನಿಂದ ಕಣ್ಣೊರೆಸುತ್ತ ಹಿಂದೆ ಸರಿದಳು. "ನನಗೆ ಬೇಡ ಕಂದಾ, ನೀನು ತಿನ್ನು."

ಕೂಸು ಕೈ ಹಿಂದಕ್ಕೆ ತೆಗೆಯಲಿಲ್ಲ. ಬೆರಳ ಸಂದಿಯಿಂದ ಅನ್ನ ಇಳಿಯುತ್ತಿತ್ತು.

ಅಯ್ನೋರು ಉಣ್ಣುವುದನ್ನು ನಿಲ್ಲಿಸಿ ಸರ್ವಮಂಗಳೆಗೆ ಹೇಳಿದರು: "ಬಾಯಿ ತೆಗಿ ತಾಯಿ."