ನೋಡೋಕೆ ಒತ್ತಿದ್ದು

ವಿಧವಾ ವೇತನದ ಕಚೇರಿ ಬಾಗಿಲಲ್ಲಿ ಒಂದು ಟಚ್ ಸ್ಕ್ರೀನ್ ಇತ್ತು. ಹೊಸ ಸಾಹೇಬರು ಬಂದವರೇ, “ಈ ನೀಲಿ ಲಿಂಕುಗಳು ದರಿದ್ರವಾಗಿ ಕಾಣ್ತವೆ. ಎಲ್ಲಾ ಹಸಿರು ಬಟನ್ ಮಾಡಯ್ಯಾ,” ಅಂದರು.

“ನೋಡೋಕೆ ಲಿಂಕು, ಮಾಡೋಕೆ ಬಟನ್ನು ಸಾರ್. ಎರಡೂ ಒಂದೇ ಥರ ಇದ್ದರೆ ಜನಕ್ಕೆ ಗೊತ್ತಾಗಲ್ಲ,” ಅಂದ ಗುಮಾಸ್ತ.

“ಹೇಳಿದಷ್ಟು ಮಾಡು.”

ಮಾಡಿದ. ಮಾರನೇ ವಾರ ಹೊನ್ನಾಜಮ್ಮ ಅನ್ನೋ ಅಜ್ಜಿ ಹೆಬ್ಬೆಟ್ಟು ಕೊಟ್ಟು, ತೀರಿಹೋದ ಗಂಡನ ಹೆಸರು ನೋಡೋಣ ಅಂತ ‘ಮರಣ’ ಒತ್ತಿದಳು. ಅದು ದಾಖಲಿಸೋ ಬಟನ್ನು; ಅವಳ ಮರಣವೇ ದಾಖಲಾಗಿ ವೇತನ ನಿಂತಿತು. “ಬದುಕಿದೀನಲ್ಲಪ್ಪಾ, ಬರೀ ನೋಡೋಕೆ ಒತ್ತಿದ್ದು,” ಅಂತ ಎರಡು ತಿಂಗಳು ಅಲೆದಳು.

“ಕಂಪ್ಯೂಟರ್ ಸುಳ್ಳು ಹೇಳುತ್ತಾ?” ಅಂದರು ಸಾಹೇಬರು.

ಒಂದು ದಿನ ಗುಮಾಸ್ತ ಅವರ ಕಂಪ್ಯೂಟರಿನಲ್ಲಿ ‘ವರ್ಗಾವಣೆ’ ಅನ್ನೋ ಹಸಿರು ಬಟನ್ ಇಟ್ಟ. ಪಟ್ಟಿ ನೋಡೋಣ ಅಂತ ಒತ್ತಿದರು. “ನಿಮ್ಮ ಕೋರಿಕೆಯಂತೆ ಗಡಿ ಕಚೇರಿಗೆ ವರ್ಗ ಮಾಡಲಾಗಿದೆ,” ಅಂತ ಬಂತು.

ಸಾಹೇಬರು ಕುರ್ಚಿ ಬಿಟ್ಟು ಎದ್ದರು. “ನಾನು ಬರೀ ನೋಡೋಕೆ ಒತ್ತಿದ್ದು ಕಣಯ್ಯಾ!”

“ಹೊನ್ನಾಜಮ್ಮನೂ ಅದನ್ನೇ ಅಂದಿದ್ದು ಸಾರ್. ಹೆದರಬೇಡಿ, ಇದು ನಾನು ಮಾಡಿದ ಸುಳ್ಳು ಪುಟ.”

ಸಾಹೇಬರು ಬೆವರು ಒರೆಸಿಕೊಂಡರು. “ಈಗಲೇ ಲಿಂಕು ಮಾಡು. ಆಯಮ್ಮನ್ನ ಕರೆಸು, ಬದುಕಿದಾಳೆ ಅಂತ ನಾನೇ ಬರೀತೀನಿ.”

ಗುಮಾಸ್ತ ತಲೆ ತಗ್ಗಿಸಿದ. “ನೆನ್ನೆ ಅವರ ಮಗಳು ಬಂದಿದ್ದರು ಸಾರ್, ತಾಯಿಯ ಮರಣ ಬರೆಸೋಕೆ. ಕಂಪ್ಯೂಟರ್ ತಗೊಳ್ಳಲಿಲ್ಲ. ಆಗಲೇ ಸತ್ತಿದಾರೆ ಅಂತು.”