ವಿಭೂತಿ ಹಚ್ಚಿದ ಕಲ್ಲು

“ಅವ್ವಾ, ದಿನವೂ ನನ್ನನ್ನು ನಾನು ಇಷ್ಟು ಸೂಕ್ಷ್ಮವಾಗಿ ಅಳೆದುಕೊಳ್ಳುತ್ತೇನೆ. ಆದರೂ ಎಲ್ಲಿ ತಪ್ಪುತ್ತಿದ್ದೇನೆ?” ಎಂದು ಪಂಪಣ್ಣ ಗುರುತಾಯಿಯನ್ನು ಕೇಳಿದ.

ಅವನು ಹನ್ನೊಂದು ವರ್ಷಗಳಿಂದ ಅವರ ಶಿಷ್ಯ. ಬೆಳಿಗ್ಗೆ ಧ್ಯಾನಕ್ಕೆ ಕುಳಿತು ಮನಸ್ಸನ್ನು ತಡಕಿ ನೋಡುತ್ತಿದ್ದ. ಎಳ್ಳಿನಷ್ಟು ಸಿಟ್ಟಿದ್ದರೂ ಅವನಿಗೆ ಸಿಗುತ್ತಿತ್ತು. ಈಚೆಗೆ ಅಷ್ಟೂ ಸಿಗುತ್ತಿರಲಿಲ್ಲ. ಆದರೆ ಹೋದ ತಿಂಗಳು ಅವನ ಹೆಂಡತಿ ಮನೆ ಬಿಟ್ಟು ಅಕ್ಕನ ಊರಿಗೆ ಹೋಗಿದ್ದಳು. ಅವಳನ್ನು ಹೇಗೆ ಕರೆತರಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ.

ಗುರುತಾಯಿ ದಣಿದಿದ್ದರು. ಈ ಪ್ರಶ್ನೆಯನ್ನು ಅವರು ಏಳು ಊರುಗಳಲ್ಲಿ, ಮೂರು ಭಾಷೆಗಳಲ್ಲಿ ಕೇಳಿಸಿಕೊಂಡಿದ್ದರು. ಕೇಳಿದವರೆಲ್ಲ ಗಂಡಂದಿರೇ.

“ಕುಳಿತುಕೋ” ಎಂದು ಒಂದು ಕಥೆ ಶುರುಮಾಡಿದರು.

ಒಂದು ಊರಿನಲ್ಲಿ ಕರಿಕಲ್ಲು ಕೊಯ್ಯುವ ಕಾರ್ಖಾನೆ ಇತ್ತು. ಅಲ್ಲಿ ಒಬ್ಬ ಯಜಮಾನ, ಒಬ್ಬ ಕಲ್ಲು ಕೊಯ್ಯುವವನು. ಇಪ್ಪತ್ತು ವರ್ಷ ಅವನು ಕಣ್ಣಳತೆಯಲ್ಲೇ ಅಲಗನ್ನು ಕಲ್ಲಿನ ಮೇಲೆ ಇಳಿಸಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಯಜಮಾನ ದೂರ ಅಳೆಯುವ ಸೆನ್ಸರ್ ತಂದು ಯಂತ್ರಕ್ಕೆ ಕೂರಿಸಿದ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕಲ್ಲಿನ ಮೇಲೆ ಬಿಡುತ್ತದೆ. ತಿರುಗಿ ಬರುವ ಬೆಳಕು ಹೆಚ್ಚಾದರೆ ಕಲ್ಲು ಹತ್ತಿರವಿದೆ ಎನ್ನುತ್ತದೆ, ಕಡಿಮೆಯಾದರೆ ದೂರವಿದೆ ಎನ್ನುತ್ತದೆ. ಅಲಗು ಕೂದಲೆಳೆಯಷ್ಟು ಸರಿದರೂ ಅಂಕಿ ಬದಲಾಗುತ್ತದೆ. ಇನ್ನು ಮುಂದೆ ಅಂಕಿ ನೋಡಿಯೇ ಅಲಗು ಇಳಿಸಬೇಕು ಎಂದು ಯಜಮಾನ ಅಪ್ಪಣೆ ಮಾಡಿದ.

ಒಂದು ಕಲ್ಲಿಗೆ ಒಂದು ದಿನ. ಸೋಮವಾರ ಎಲ್ಲ ಸರಿಯಾಗಿರುತ್ತಿತ್ತು. ಉಳಿದ ದಿನಗಳಲ್ಲಿ ಇನ್ನೂ ಎರಡು ಬೆರಳು ದೂರವಿದೆ ಎಂದು ಅಂಕಿ ಹೇಳುತ್ತಿರುವಾಗಲೇ ಅಲಗು ಕಲ್ಲಿಗೆ ಬಡಿಯುತ್ತಿತ್ತು. ಹೀಗೆ ಎರಡು ಅಲಗು ಮುರಿದವು. ಇನ್ನೊಂದು ಮುರಿದರೆ ನೀನು ಹೊರಗೆ ಎಂದು ಯಜಮಾನ ಹೇಳಿದ.

“ಯಜಮಾನ್ರೇ, ಆ ಅಂಕಿ ನಂಬಬೇಡಿ.”

“ಕೂದಲೆಳೆ ವ್ಯತ್ಯಾಸ ಹೇಳೋದನ್ನ ನಂಬದೆ ನಿನ್ನ ನಂಬಲೇನು?”

“ಸೂಕ್ಷ್ಮವಾಗೇನೋ ಹೇಳುತ್ತೆ, ಯಜಮಾನ್ರೇ. ಸರಿಯಾಗಿ ಹೇಳಲ್ಲ.”

“ಸೋಮವಾರ ಸರಿ, ಮಂಗಳವಾರ ತಪ್ಪು. ಯಂತ್ರಕ್ಕೂ ರಾಹುಕಾಲ ಬಂತೇನಪ್ಪಾ?”

ಸುತ್ತಲಿದ್ದವರು ನಕ್ಕರು. ಯಜಮಾನನ ಮಾತಿಗೆ ನಗುವುದು ಸಂಬಳದಲ್ಲೇ ಸೇರಿರುತ್ತದೆ.

ಸೆನ್ಸರನ್ನು ಹೊಂದಿಸಲು ಪೇಟೆಯಿಂದ ಒಬ್ಬ ಬರುತ್ತಿದ್ದ. ಆ ಕಡೆಗೆ ಅವನು ಬರುವುದು ಸೋಮವಾರ ಮಾತ್ರ. ಅಳತೆಕೋಲು ಹಿಡಿದು ಅಲಗಿನಿಂದ ಕಲ್ಲಿಗೆ ಅಳೆಯುತ್ತಿದ್ದ. ಕೋಲೂ ಅಂಕಿಯೂ ಒಂದೇ ಹೇಳುತ್ತಿದ್ದವು. ಸರಿಯಿದೆ ಎಂದು ಬರೆದು ಸಹಿ ಹಾಕಿ ಹೋಗುತ್ತಿದ್ದ.

ಕೊಯ್ಯುವವನು ಒಂದು ವಾರ ಯೋಚಿಸಿದ. ಆ ಕಾರ್ಖಾನೆಯಲ್ಲಿ ವಾರದ ಮೊದಲ ಕಲ್ಲಿಗೆ ಪೂಜೆ ಮಾಡುವ ಪದ್ಧತಿ ಇತ್ತು. ಅಲಗು ಇಳಿಯುವ ಜಾಗಕ್ಕೇ ಅಂಗೈ ಅಗಲ ವಿಭೂತಿ ಬಳಿಯುತ್ತಿದ್ದರು. ಸೆನ್ಸರಿನ ಬೆಳಕು ಬೀಳುವುದೂ ಅಲ್ಲೇ.

ಮುಂದಿನ ಸೋಮವಾರ ಪೂಜೆ ಮುಗಿಯಿತು. ಪೇಟೆಯವನು ಅಳೆದ, ಸರಿಯಿದೆ ಎಂದ. ಆಗ ಕೊಯ್ಯುವವನು ಒದ್ದೆ ಬಟ್ಟೆ ತಂದು, ಎಲ್ಲರ ಎದುರಿಗೆ, ಕಲ್ಲಿನ ಮೇಲಿನ ವಿಭೂತಿಯನ್ನು ಒರೆಸಿಬಿಟ್ಟ. ಕಲ್ಲು ಅಲ್ಲಾಡಲಿಲ್ಲ. ಅಲಗೂ ಅಲ್ಲಾಡಲಿಲ್ಲ. ಅಂಕಿ ಮಾತ್ರ ಕಲ್ಲು ಇನ್ನೂ ಎರಡು ಬೆರಳು ದೂರವಿದೆ ಎಂದಿತು.

“ನೋಡಿ. ಬಿಳಿ ಬೆಳಕನ್ನ ವಾಪಸ್ ಕಳಿಸುತ್ತೆ, ಕರಿ ನುಂಗುತ್ತೆ. ಬಿಳಿ ಮೇಲೆ ಹೊಂದಿಸಿ ಕರಿ ಮೇಲೆ ಅಳೆದರೆ ಆಗೋದು ಇಷ್ಟೇ.”

ಅಂಕಿಯನ್ನು ಯಾರೂ ನೋಡಲಿಲ್ಲ. ಎಲ್ಲರೂ ಬಟ್ಟೆಯನ್ನು ನೋಡುತ್ತಿದ್ದರು.

“ದೇವರ ವಿಭೂತಿ ಒರೆಸಿದ ಕೈ ನನಗೆ ಬೇಡ” ಎಂದ ಯಜಮಾನ. ಅಲಗು ಮುರಿದಾಗಲೂ ಉಳಿದಿದ್ದ ಕೆಲಸ ಅಂದು ಹೋಯಿತು.

ಪೇಟೆಯವನು ಮಾತ್ರ ಅಂಕಿಯನ್ನು ನೋಡಿದ್ದ. ಬಾಯಿ ತೆರೆಯೋಣವೆಂದುಕೊಂಡ. ಆದರೆ ಸಹಿ ಆಗಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಇಂಥದ್ದನ್ನು ಅವನು ಬಹಳ ಊರುಗಳಲ್ಲಿ ನೋಡಿದ್ದ. ಅವನಿಗೂ ಸಾಕಾಗಿತ್ತು.

ಕಲ್ಲಿಗೆ ಮತ್ತೆ ವಿಭೂತಿ ಬಳಿದರು. ಅಂಕಿ ಮತ್ತೆ ಸರಿಯಾಯಿತು. ಎಲ್ಲರೂ ಕೈ ಮುಗಿದರು.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು.

“ಮಂಗಳವಾರ ಏನಾಯಿತು ಅವ್ವಾ?”

“ಅಲಗು ಮುರಿಯಿತು. ಹೊಸಬನ ಕೈಯಲ್ಲಿ.”

ಪಂಪಣ್ಣ ತಲೆ ಕೊಡವಿದ. “ಎಂಥ ಮೂಢರು! ಬರಿಯ ಕಲ್ಲಿನ ಮೇಲೆ ಅಳೆದು ನೋಡುವಷ್ಟು ಬುದ್ಧಿ ಇಲ್ಲ. ಹೋಗಲಿ, ದಿನಾ ಆ ಕಲ್ಲಿನ ಜೊತೆ ಬಾಳಿದವನು ಹೇಳಿದನಲ್ಲ, ಅವನ ಮಾತನ್ನಾದರೂ ಕಿವಿಗೆ ಹಾಕಿಕೊಳ್ಳಬಾರದಿತ್ತೇ?”

ಗುರುತಾಯಿ ಹೇಳಿದರು: “ಹೊರಡುವಾಗ ನಿನ್ನ ಹೆಂಡತಿ ಏನು ಹೇಳಿದಳು, ಅವಳ ಮಾತಿನಲ್ಲೇ ಹೇಳು.”

ಪಂಪಣ್ಣನಿಗೆ ಒಂದು ಮಾತೂ ನೆನಪಾಗಲಿಲ್ಲ.