ಆಚೆ ದಡದ ಕೇಬಲ್

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜಾರಿದ್ದರು. ಅವರ ಕಾಲು ಸ್ವಾಧೀನ ತಪ್ಪಿತ್ತು. ಸನ್ಯಾಸಿಗೆಲ್ಲಿಯ ಬಂಧು ಬಳಗ ಎನ್ನುವವರು ಅನ್ನಲಿ, ಅಜ್ಜಾರಿಗೆ ಒಬ್ಬ ಅಕ್ಕ ಇದ್ದಳು. ದೂರದ ಊರಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದಳು.

ಸಂಜೆಯಾದರೆ ಶಿಷ್ಯ ನಿರುಪಾದಿ ಲ್ಯಾಪ್‌ಟಾಪ್ ತಂದು ಅಜ್ಜಾರ ಮುಂದಿಡುತ್ತಿದ್ದ. ತೆರೆಯ ಮೇಲೆ ಅಕ್ಕನ ಮುಖ ಬರುತ್ತಿತ್ತು.

"ಉಂಡೀಯೇನು, ತಮ್ಮಾ?"

"ಉಂಡೇನಿ, ಅಕ್ಕಾ."

ಅಷ್ಟೇ ಮಾತು. ಅಷ್ಟಕ್ಕೇ ಇಬ್ಬರೂ ದಿನವಿಡೀ ಕಾಯುತ್ತಿದ್ದರು.

ಮಠದಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಆಚೆ ದಡದ ಶಾಲೆಯ ಮಾಳಿಗೆಯ ಮೇಲೆ ಗವಿಸಿದ್ಧನೆಂಬವನು ಆಂಟೆನಾ ಕೂರಿಸಿ ಮಠದ ಕಡೆಗೆ ತಿರುಗಿಸಿದ್ದ. ಆ ವೈಫೈಯೇ ಗತಿ. ಗವಿಸಿದ್ಧನೂ ಒಂದು ಕಾಲಕ್ಕೆ ಅಜ್ಜಾರ ಶಿಷ್ಯ. ಕಾವಿ ಬಿಟ್ಟು ಮದುವೆಯಾದ, ಈಗ ಆ ಶಾಲೆಯಲ್ಲಿ ಕಂಪ್ಯೂಟರ್ ಮಾಸ್ತರ. ಅವನೂ ನಿರುಪಾದಿಯೂ ಮಾತು ಬಿಟ್ಟು ವರ್ಷಗಳಾಗಿದ್ದವು.

ನಿರುಪಾದಿಯದು ಸುಮ್ಮನಿರಲಾರದ ಕೈ. ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ. ಲ್ಯಾಪ್‌ಟಾಪ್ ಚುರುಕಾಯಿತು. ವೈಫೈ ಹೋಯಿತು.

ಆ ಸಂಜೆ ಅಕ್ಕನ ಮುಖ ಬರಲಿಲ್ಲ.

"ಏನಾತಪಾ?" ಎಂದರು ಅಜ್ಜಾರು.

"ಒಂದೀಟು ತಡೀರಿ ಅಜ್ಜಾರ. ನಾಳೆ ಸರಿ ಮಾಡ್ತೀನಿ."

ಮರುದಿನ ಬೆಳಗಿನಿಂದ ಅದರ ಮುಂದೆಯೇ ಕೂತ. ಆಫ್ ಮಾಡಿ ಆನ್ ಮಾಡಿದ. ಹಿಂಬದಿ ಬಿಚ್ಚಿ ವೈಫೈ ಕಾರ್ಡ್ ತೆಗೆದು, ಒರೆಸಿ, ಮತ್ತೆ ಕೂರಿಸಿದ. ಲಿನಕ್ಸನ್ನೇ ಇನ್ನೊಮ್ಮೆ ಹಾಕಿದ. ಆ ಸಂಜೆಯೂ ಹೋಯಿತು, ಮಾರನೆಯ ಸಂಜೆಯೂ ಹೋಯಿತು. ಅಜ್ಜಾರು ಊಟ ಅರ್ಧಕ್ಕೇ ಬಿಟ್ಟರು.

"ಕಾರ್ಡ್ ಕೆಟ್ಟೈತೇನು?"

"ಇಲ್ರಿ. ಕಾರ್ಡ್ ಐತಿ ಅಂತ ಲ್ಯಾಪ್‌ಟಾಪಿಗೆ ಗೊತ್ತೈತಿ. ಹೆಸರೂ ತೋರಸ್ತೈತಿ. ಆದರ ಅದನ್ನ ಮಾತಾಡಸಾಕ ಫರ್ಮ್‌ವೇರ್ ಅಂತ ಒಂದು ಫೈಲ್ ಬೇಕ್ರಿ. ಅದು ಇದರಾಗ ಇಲ್ಲ."

"ಎಲ್ಲೈತಿ?"

"ಇಂಟರ್ನೆಟ್‌ನ್ಯಾಗ."

"ತರೂದು ಹೆಂಗ?"

"ವೈಫೈ ಇದ್ರ ತರಬಹುದಿತ್ರಿ."

ಅಜ್ಜಾರು ನಗಲಿಲ್ಲ. "ಅದು ಇಲ್ದ?"

ನಿರುಪಾದಿ ನೆಲ ನೋಡಿದ. "ಇಂಟರ್ನೆಟ್ ಕೇಬಲ್ ಚುಚ್ಚಿದ್ರೂ ಬರತೈತ್ರಿ."

"ಕೇಬಲ್ ಯಾರ ಹಂತ್ಯಾಕ ಐತಿ?"

ಉತ್ತರ ನಿರುಪಾದಿಗೆ ಮೊದಲ ದಿನವೇ ಗೊತ್ತಿತ್ತು. ಗವಿಸಿದ್ಧನ ಮುಂದೆ ಹೋಗಿ ನಿಲ್ಲುವುದಕ್ಕಿಂತ ಮತ್ತೆ ಮತ್ತೆ ಲಿನಕ್ಸ್ ಹಾಕುವುದೇ ಅವನಿಗೆ ಹಗುರವಾಗಿತ್ತು.

ಅಜ್ಜಾರು ಲ್ಯಾಪ್‌ಟಾಪನ್ನು ತಮ್ಮ ಹೊದಿಕೆಯಲ್ಲಿ ಸುತ್ತಿ ಅವನ ಕೈಗಿಟ್ಟರು.

"ದೋಣ್ಯಾಗ ತೊಯ್ದೀತು," ಎಂದರು.

ಆಚೆ ದಡದ ಶಾಲೆಯಲ್ಲಿ ಗವಿಸಿದ್ಧ ಬಾಗಿಲಲ್ಲೇ ಆ ಹೊದಿಕೆಯನ್ನು ಗುರುತಿಸಿದ. ಏನೂ ಕೇಳದೆ ತನ್ನ ಕಂಪ್ಯೂಟರಿನ ಕೇಬಲ್ ಕಿತ್ತು ಇದಕ್ಕೆ ಚುಚ್ಚಿದ. ಫೈಲ್ ಇಳಿಯಿತು. ಒಮ್ಮೆ ಆಫ್ ಮಾಡಿ ಆನ್ ಮಾಡಿದರು. ವೈಫೈ ಬಂತು. ಚಹಾ ಆರುವಷ್ಟು ಹೊತ್ತಿನ ಕೆಲಸ. ನಿರುಪಾದಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ದಿನಾ ಸಂಜೀಕ ಮಠದ ಲ್ಯಾಪ್‌ಟಾಪ್ ಕನೆಕ್ಟ್ ಆಗೂದು ನನಗಿಲ್ಲಿ ಕಾಣತಿತ್ತು," ಎಂದ ಗವಿಸಿದ್ಧ. "ಕಾಣಲಿಲ್ಲ ಅಂತ ಚಿಂತಿ ಆತು. ದಂಡಿ ತನಕ ಬಂದು ಹೊಳ್ಳಿ ಹೋದೆ."

ನಿರುಪಾದಿ ಲ್ಯಾಪ್‌ಟಾಪ್ ಸುತ್ತತೊಡಗಿದ.

"ಅಜ್ಜಾರು ನನ್ನ ಬಾ ಅಂದಾರೇನು?"

ನಿರುಪಾದಿ ದೋಣಿ ಹತ್ತಿದ.

ಆ ಸಂಜೆ ಮಠದಲ್ಲಿ ತೆರೆಯ ಮೇಲೆ ಬಂದದ್ದು ಅಕ್ಕನ ಮಗನ ಮುಖ.

"ಅವ್ವ ನಿನ್ನೆ ಹೋದ್ಳು, ಮಾವಾ. ಕಡೀ ತನಕಾ ತಮ್ಮ ಉಂಡಾನೇನು ಅಂತ ಕೇಳಾಕತ್ತಿದ್ಳು."

ಅಜ್ಜಾರು ತಾವೇ ಲ್ಯಾಪ್‌ಟಾಪ್ ಮುಚ್ಚಿದರು. ನಿರುಪಾದಿ ಅವರ ಪಾದದ ಮೇಲೆ ಬಿದ್ದು ಅತ್ತ.

"ಗವಿಸಿದ್ಧ ಏನಂದ?" ಅಜ್ಜಾರು ಕೇಳಿದರು.

"ಅಜ್ಜಾರು ಬಾ ಅಂದಾರೇನು ಅಂತ ಕೇಳಿದನ್ರಿ."

"ಬರಬ್ಯಾಡ ಅಂತ ನಾ ಯಾವಾಗ ಅಂದಿದ್ದೆ?"

ಗವಿಸಿದ್ಧ ಕಾವಿ ಬಿಟ್ಟ ದಿನ, ಇದೇ ದಂಡೆಯಲ್ಲಿ ನಿಂತು, ಅಜ್ಜಾರ ಅಪ್ಪಣೆಯಾಗಿದೆ, ಇನ್ನು ಇತ್ತ ಕಾಲಿಡಬೇಡ ಎಂದು ಹೇಳಿ ಕಳಿಸಿದವನು ನಿರುಪಾದಿಯೇ. ಅಂಥ ಅಪ್ಪಣೆ ಆಗಿರಲೇ ಇಲ್ಲ.

ಅಜ್ಜಾರ ಕೈ ಅವನ ಬೆನ್ನ ಮೇಲೆ ಬಂತು.

"ಅಕ್ಕ ಇನ್ನ ಸಿಗೂದಿಲ್ಲ. ಗವಿಸಿದ್ಧ ಸಿಗತಾನ," ಎಂದರು. "ದೋಣಿ ಇನ್ನೂ ದಂಡ್ಯಾಗ ಐತೇನು, ನೋಡು."